ಮಾವನ ಕೈಯ ಕಲೆ

ಆಬಲೋಸ್, ರಿಯೋಹಾ

ಅಕ್ಕಾ,

ಗಾಬರಿಯಾಗಬೇಡ, ಸೊಂಟನೋವು ಬಿಟ್ಟರೆ ನಾನು ಚೆನ್ನಾಗಿದ್ದೀನಿ. ಹೋದವರು ನನ್ನ ಮಾವ ಫೆರ್ಮಿನ್. ನಿನ್ನೆ ದ್ರಾಕ್ಷಿ ಕೊಯ್ಯುತ್ತಲೇ ಬಳ್ಳಿಯ ಬುಡದಲ್ಲಿ ಕುಸಿದರು.

ಕೊಯ್ಲಿನಲ್ಲಿ ಇಲ್ಲಿ ದ್ರಾಕ್ಷಿ ರಸ ಹತ್ತಿ ಎಲ್ಲರ ಕೈಯೂ ಕಪ್ಪು. ಸೋಪಿಗೆ ಬಗ್ಗದ ಆ ಕಲೆ ಹುಳಿ ದ್ರಾಕ್ಷಿಕಾಯಿ ಉಜ್ಜಿದರೆ ಹೋಗುತ್ತೆ. ಪೆಟ್ಟಿಗೆಯಲ್ಲಿ ಮಲಗಿಸುವ ಮುಂಚೆ ಅತ್ತೆ ಹಾಗೇ ಉಜ್ಜಿ ಅವರ ಕೈ ಬೆಳ್ಳಗೆ ಮಾಡಿದರು. ಆಮೇಲೆ ನೋಡಿ, "ಅಯ್ಯೋ, ಇದ್ಯಾರ ಕೈಯೇ ರೊಸಿಯೊ? ನಮ್ಮನೆಯವರದ್ದಲ್ಲ ಕಣೇ! ಹೋಗು, ಒಂದು ಕರೀ ಗೊಂಚಲು ತಗೊಂಡು ಬಾ" ಅಂತ ಅತ್ತರು. ತಂದುಕೊಟ್ಟೆ. ಹಿಂಡಿ, ಒಂದೊಂದು ಬೆರಳಿಗೂ ಮತ್ತೆ ರಸ ಬಳಿದರು.

ವೈನಿಗೆ ಹದವಾದ ಹಣ್ಣು ಯಾರಿಗೂ ಕಾಯೋದಿಲ್ಲ. ಬೆಳಿಗ್ಗೆ ಮಣ್ಣು ಮಾಡಿ ಬಂದವರೇ ತೋಟಕ್ಕಿಳಿದೆವು. ಸಂಜೆ ಎಲ್ಲರೂ ಕಾಯಿ ಉಜ್ಜಿ ಕೈ ತೊಳೆದರು.

ಅತ್ತೆ ಮಾತ್ರ ನಿನ್ನೆಯಿಂದ ತೊಳೆದಿಲ್ಲ.

ನಿನ್ನ ರೊಸಿಯೊ