ಉಪ್ಪು ಹಾಕುವ ಕೈ

ಅಕ್ಕನವರಿಗೆ,

ನಿಮ್ಮ ಓರಗಿತ್ತಿ ಮಾಡುವ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆಯವರೆಗೆ ಈ ಮಾತನ್ನು ಬಾಯಿಮಾತಿಗೆ ಹೇಳುತ್ತಿದ್ದೆ. ಇವತ್ತು ನಿಜವಾಗಿ ಹೇಳುತ್ತಿದ್ದೇನೆ. ನಾಲ್ಕು ಬೀದಿ ಆಚೆ ಇರುವವಳಿಗೆ ಕಾಗದ ಯಾಕೆ ಎಂದು ನೀವು ನಗಬಹುದು. ಎದುರಿಗೆ ಕೂತರೆ ನಾವಿಬ್ಬರೂ ಪಾತ್ರೆ, ಬಟ್ಟೆ, ಮಕ್ಕಳ ಮಾತು ಬಿಟ್ಟು ಬೇರೆ ಆಡಿದವರಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಮ್ಮ ಹಳ್ಳಿಯ ಮೇಷ್ಟ್ರನ್ನು ಬೈಯಿರಿ.

ಈಗ ನೀವಿರುವ ಆ ಮನೆಗೆ ನಾನು ಸೊಸೆಯಾಗಿ ಬಂದ ವಾರವೇ ಅತ್ತೆ ಹೇಳಿದ್ದರು: “ಉಪ್ಪು ಒಂದೇ ಕೈಯಿಂದ ಬೀಳ್ಲಿ. ಇಬ್ರೂ ಹಾಕಿದ್ರೆ ಸಮುದ್ರ, ಇಬ್ರೂ ಬಿಟ್ರೆ ಹುಲ್ಲು.” ಆ ಕೈ ನಿಮ್ಮದಾಯಿತು. ಹೆಚ್ಚುವುದು, ಬೇಯಿಸುವುದು, ಒಲೆ ಕಾಯುವುದು ನನ್ನ ಪಾಲಿಗೆ ಬಂತು. ಹದಕ್ಕೆ ಬಂದಾಗ ನಾನು “ಅಕ್ಕಾ, ಉಪ್ಪು” ಎಂದು ಕೂಗುವುದು, ನೀವು ಒದ್ದೆ ಕೈ ಒರೆಸಿಕೊಂಡು ಬಂದು ಕಣ್ಣಲ್ಲೇ ಅಳೆದು ಉದುರಿಸಿ ಹೋಗುವುದು. ನಿಮಗೆ ಜ್ವರ ಬಂದಾಗ ಪಾತ್ರೆಯನ್ನೇ ಹಾಸಿಗೆಯ ಹತ್ತಿರ ಹೊತ್ತು ತಂದಿದ್ದೇನೆ. ಅತ್ತೆ ತೀರಿಹೋದರು, ಅವರ ಪದ್ಧತಿ ಹೋಗಲಿಲ್ಲ. ವಯಸ್ಸು ಐವತ್ತಾದರೂ ಬೇಳೆಗೆ ಉಪ್ಪೆಷ್ಟು ಎಂದು ಗೊತ್ತಿಲ್ಲದ ಹೆಂಗಸು ನಾನೊಬ್ಬಳೇ ಇರಬೇಕು.

ನನ್ನ ಮಗನಿಗೆ ಹೆಣ್ಣು ಗೊತ್ತಾದಾಗ ಆ ಮನೆಯಲ್ಲಿ ಇನ್ನೊಂದು ಮಂಚಕ್ಕೆ ಜಾಗವಿರಲಿಲ್ಲ. ಅಣ್ಣ ತಮ್ಮಂದಿರ ಮರಗೆಲಸದ ಅಂಗಡಿ ಒಂದೇ ಇರಲಿ, ಒಲೆ ಬೇರೆಯಾಗಲಿ ಎಂದು ಭಾವನವರೇ ಹೇಳಿದರು. ನೀವು ತಲೆಯಾಡಿಸಿದಿರಿ. ಸಾಮಾನು ಗಾಡಿಗೆ ಏರಿಸುವ ದಿನ ಒಳಗೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ನಿಂತಿದ್ದಿರಿ. ಹೊರಗೆ ಬಂದವಳು ಎದುರುಮನೆಯಾಕೆ ಮಾತ್ರ. ಯಾವ ಮಾತಿಗೆ ಹತ್ತಿಕೊಂಡಿತು ಎಂದು ಮೆಲ್ಲಗೆ ವಿಚಾರಿಸಿದಳು. ಮಾತಿಗಲ್ಲ, ಮಂಚಕ್ಕೆ ಎಂದೆ. ನಂಬಲಿಲ್ಲ. ಜಗಳವಾಡದೆ ಬೇರೆಯಾದವರ ಮೇಲೆ ಜನಕ್ಕೆ ಅನುಮಾನ ಜಾಸ್ತಿ.

ಹೊಸ ಮನೆಯಲ್ಲಿ ಮೊದಲ ದಿನ ಬೇಳೆ ಬೆಂದಿತು. ನಾನು “ಅಕ್ಕಾ, ಉಪ್ಪು” ಎಂದು ಗೋಡೆಗೆ ಕೂಗಿದೆ. ಆಮೇಲೆ ಎಷ್ಟೆಂದು ತಿಳಿಯದೆ ಹಾಕಲೇ ಇಲ್ಲ. ಮಾರನೆಯ ದಿನ ಆ ಸಾಲವನ್ನೂ ಸೇರಿಸಿ ಹಾಕಿದೆ. ನಿಮ್ಮ ಮೈದುನ ಒಂದು ಚೊಂಬು ನೀರು ಕುಡಿದು, “ನಿನ್ನೆ ಆಸ್ಪತ್ರೆ, ಇವತ್ತು ಸಮುದ್ರ. ಮಧ್ಯದಲ್ಲಿ ಎಲ್ಲಾದ್ರೂ ಇಳಿಸು ಮಾರಾಯ್ತಿ” ಎಂದರು. ಅಂಗಡಿಯಲ್ಲಿ ಇದನ್ನು ಬಾಯಿ ಬಿಡಬಾರದೆಂದು ಅವರಿಂದ ಆಣೆ ಹಾಕಿಸಿಕೊಂಡೆ. ಇಷ್ಟಕ್ಕೇ ಬೇರೆ ಹೋದಳಾ ಎಂದು ನೀವು ಅಂದುಕೊಳ್ಳಬಾರದಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂತರೆ, ಮಕ್ಕಳನ್ನು ಕಾಪಾಡು ಎಂದು ಬೇಡುವ ಬಾಯಲ್ಲೇ ಉಪ್ಪಿನ ಅಂದಾಜನ್ನೂ ಬೇಡುತ್ತಿದ್ದೆ. ದೇವರಿಗೆ ಎಂಥೆಂಥ ಕೆಲಸ ಹಚ್ಚುತ್ತೇವೆ ನಾವು.

ಆದರೆ ಊಟ ಕೆಟ್ಟರೆ ಒಂದು ಹೊತ್ತು ಅಷ್ಟೇ. ನನ್ನನ್ನು ತಿನ್ನುತ್ತಿದ್ದುದು ಬೇರೆ. ನೀವು ಈ ಕಡೆ ಬರಲೇ ಇಲ್ಲ. ತಡೆಯಲಾರದೆ ನಾನೇ ಬಂದೆ. ನೀವು ನಡುಮನೆಯಲ್ಲಿ ಕುರ್ಚಿ ಹಾಕಿದಿರಿ, ತಟ್ಟೆಯ ಮೇಲೆ ಲೋಟ ಇಟ್ಟು ನೀರು ಕೊಟ್ಟಿರಿ. ನಾನು ಯಾವ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಮಕ್ಕಳನ್ನು ಸಾಕಿದೆನೋ ಅದರ ಬಾಗಿಲನ್ನು ಮುಂದಕ್ಕೆ ಎಳೆದಿದ್ದಿರಿ. ಲೋಟ ಖಾಲಿ ಮಾಡಿ ಎದ್ದೆ. ಮಗನ ಮದುವೆಗೆ ಕೋಣೆ ಸಿಕ್ಕಿತು, ಅಕ್ಕ ಕೈತಪ್ಪಿದಳು ಎಂದು ದಾರಿಯುದ್ದಕ್ಕೂ ಅಳು.

ನಿನ್ನೆ ಅಡುಗೆಯ ಹೊತ್ತಿಗೆ ಸದ್ದಿಲ್ಲದೆ ಬಂದು ನನ್ನ ಹಿಂದೆ ನಿಂತಿರಿ. ಬಾಯಿಗೆ ಅಭ್ಯಾಸ ನೋಡಿ, “ಅಕ್ಕಾ, ಉಪ್ಪು” ಎಂದುಬಿಟ್ಟೆ. ನಿಮ್ಮ ಕೈ ಡಬ್ಬಿಯವರೆಗೆ ಹೋಗಿ ಹಿಂದಕ್ಕೆ ಬಂತು.

“ಒಲೆ ನಿಂದು. ನೀನೇ ಹಾಕು.”

ಹಾಕಿದೆ. ಬಡಿಸಿದೆ. ನೀವು ಮೊದಲ ತುತ್ತು ನುಂಗುವವರೆಗೆ ಸೌಟು ಹಿಡಿದೇ ನಿಂತಿದ್ದೆ. ಚೆನ್ನಾಗಿದೆ ಎಂದಿದ್ದರೆ ಸತ್ತೇಹೋಗುತ್ತಿದ್ದೆ ಅಕ್ಕ. ನೆಂಟರು ಹೇಳುವ ಮಾತು ಅದು. ನೀವು ಮುಖ ಸಿಂಡರಿಸಿ “ಉಪ್ಪು ಕಮ್ಮಿ” ಎಂದಿರಿ. ಆಮೇಲೆ ತಟ್ಟೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಿರಿ: “ನಂಗೆ ಬೇಳೆ ಬೇಯ್ಸಕ್ಕೇ ಬರಲ್ಲ ಕಣೇ. ಒಂದಿನ ಕಲ್ಲು, ಒಂದಿನ ಗಂಜಿ. ಹಲ್ಲಿಗೆ ವ್ಯಾಯಾಮ ಅಂತಾರೆ ನಿಮ್ಮ ಭಾವ. ನೀ ಬಂದವತ್ತೂ ಸೀದ್ಹೋಗಿತ್ತು, ವಾಸ್ನೆ ಬರ್ಬಾರ್ದು ಅಂತ ಬಾಗ್ಲು ಎಳ್ದಿದ್ದೆ.”

ಬಾಗಿಲು ನನಗಲ್ಲ, ಹೊಗೆಗೆ ಮುಚ್ಚಿದ್ದು! ಇಬ್ಬರೂ ನಕ್ಕಿದ್ದು ಕೆಳಗಿನ ಮನೆಯವರಿಗೂ ಕೇಳಿರಬೇಕು. ಆಣೆಯನ್ನು ನೀವೂ ಭಾವನವರಿಂದ ಹಾಕಿಸಿಕೊಂಡಿದ್ದಿರಂತೆ. ಆ ಇಬ್ಬರು ಗಂಡಸರು ಅಂಗಡಿಯಲ್ಲಿ ಎರಡೂ ಮನೆಯ ಊಟದ ಡಬ್ಬಿ ಬಿಚ್ಚಿ, ಕಲಸಿ, ಹಂಚಿಕೊಂಡು ಉಂಡು, ಮಾತು ಉಳಿಸಿಕೊಂಡಿದ್ದಾರೆ.

ಏನೂ ಬದಲಾಗದಿರಲಿ ಎಂದು ದೇವರನ್ನು ಕಾಡಿದ್ದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಮನೆಗೆ ಸೊಸೆ ಬರುತ್ತಾಳೆ, ನೀವೂ ಬರುತ್ತೀರಿ. ನನಗೆ ಬೇಕಾಗಿದ್ದುದು ಇಷ್ಟೇ.

ಊಟವಾದ ಮೇಲೆ ನೀವು ಮಾಡಿದ್ದು ನಿಮಗೆ ನೆನಪಿದೆಯೋ ಇಲ್ಲವೋ. ಚಾಪೆ ಎಲ್ಲಿದೆ ಎಂದು ಕೇಳದೆ ಬಾಗಿಲ ಹಿಂದಿನಿಂದ ನೀವೇ ಎಳೆದುಕೊಂಡು, ನನ್ನ ದಿಂಬು ತೆಗೆದುಕೊಂಡು ಮಲಗಿದಿರಿ. ಎರಡು ನಿಮಿಷಕ್ಕೆ ಗೊರಕೆ. ಪರರ ಮನೆಯಲ್ಲಿ ಯಾರೂ ಹಾಗೆ ಗೊರಕೆ ಹೊಡೆಯುವುದಿಲ್ಲ. ಕಿಟಕಿಯ ಬಿಸಿಲು ನಿಮ್ಮ ಮುಖಕ್ಕೆ ಬರದಂತೆ ಬಟ್ಟೆ ಕಟ್ಟಿ, ಪಕ್ಕದಲ್ಲಿ ಕೂತು, ನೀವು ಏಳುವವರೆಗೂ ದೇವರಿಗೆ ಕೈಮುಗಿದೆ.

ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮ ಕೈಕಾಲು ಗಟ್ಟಿಯಾಗಿಡಲಿ, ನಿದ್ದೆ ಹೀಗೇ ಹತ್ತಲಿ.

ಎರಡನೇ ಒಲೆಯ ಮುಂದಿನಿಂದ,
ನಿಮ್ಮ ಚಿಕ್ಕೋಳು