ಹುಳ ತೆಗೆಸಿದ್ದು

ಅಮ್ಮಾ,

ನೀನು ಹೋಗಿ ವರ್ಷವಾಯಿತು. ಆದರೂ ಇವತ್ತು ಜಗಳವಾಡಲು ನೀನೇ ಬೇಕಾಗಿತ್ತು.

ಮೂತ್ರದ ಜಾಗದ ಹಳೇ ನೋವು ತೋರಿಸಲು ಹೋದರೆ, ಇಲ್ಲಿ ಆಸ್ಟಿನ್‌ನಲ್ಲಿ ಡಾಕ್ಟರ್ ಅನುರಾಧಾ ನನ್ನನ್ನು ಪರೀಕ್ಷೆ ಮಾಡಿ, "ಮುಂಚೆ ಆಪರೇಷನ್ ಆಗಿತ್ತಾ?" ಎಂದರು. ಇಲ್ಲ, ಏಳು ವರ್ಷದವಳಿದ್ದಾಗ ಹುಳ ತೆಗೆಸಿದ್ದರು ಅಷ್ಟೇ ಎಂದೆ. ನೀನು ಹಾಗೆಂದೇ ಹೇಳಿ ನನ್ನ ಕೈ ಅದುಮಿ ಹಿಡಿದಿದ್ದೆ.

"ಹುಳ ಅಲ್ಲಮ್ಮಾ, ಅದು ಹೆಣ್ಣುಮಕ್ಕಳಿಗೆ ಮಾಡೋ ಖತ್ನಾ. ನಿಮ್ಮ ಗುಪ್ತಾಂಗದ ತುದೀನೇ ಕೊಯ್ದಿದಾರೆ. ಗಾಯದ ಜಾಗದಲ್ಲಿ ಗಂಟಾಗಿದೆ, ನೋವು ಅದರದ್ದೇ."

ಆ ನೋವಿಗೆ ಉಷ್ಣ ಎಂದು ಹೆಸರಿಟ್ಟು ಬಾರ್ಲಿ ನೀರು ಕುಡಿಸಿದೆಯಲ್ಲ! ನೀನೂ ಅದನ್ನೇ ಕುಡಿಯುತ್ತಿದ್ದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನರಳುತ್ತಿದ್ದೆ. ನನಗೆ ಕೇಳಿಸುತ್ತಿತ್ತು. ಆ ನೋವು ಗೊತ್ತಿದ್ದೂ ನನ್ನ ಕೈ ಹಿಡಿದೆ.

ಮನೆಗೆ ಬಂದರೆ ನಿನ್ನ ತಂಗಿ ಜುಲೇಖಾ ಮಾಸಿಯ ಫೋನ್. ಸ್ಪೀಕರ್‌ಗೆ ಹಾಕಿದೆ. "ನಿನ್ ಮಗಳಿಗೆ ಏಳು ತುಂಬ್ತಲ್ಲ, ರಜೆಗೆ ಕರ್ಕೊಂಡು ಬಾ. ಒಂದು ನಿಮಿಷದ ಕೆಲ್ಸ, ಹುಳ ತೆಗೆಸಿಬಿಡೋಣ."

ಇನ್ಸಿಯಾ ಪಕ್ಕದಲ್ಲೇ ಇದ್ದಳು. "ವಾಟ್ ಹುಳ, ಮಮ್ಮಾ?"

ಮಾಸಿಗೂ ಕೇಳಲಿ ಎಂದು ಸ್ಪೀಕರ್ ಹಾಗೇ ಬಿಟ್ಟು ಹೇಳಿದೆ: "ನಿನಗೆ ಹುಳ ಇಲ್ಲ ಮಗಳೇ. ನನಗೂ ಇರಲಿಲ್ಲ. ನಿನ್ನ ಅಜ್ಜಿಗೂ ಇರಲಿಲ್ಲ."