ಹಿಂದಿನ ಕುರ್ಚಿ

ಬೆಳ್ಳಾರೆ, ಜನವರಿ ೧೯೬೨

ದೇರಣ್ಣನಿಗೆ ಅತ್ತಿಗೆಯ ಆಶೀರ್ವಾದಗಳು.

ಶನಿವಾರ ಸಂಜೆ ನಮ್ಮ ಶಾಲೆಯ ವಾರ್ಷಿಕೋತ್ಸವ. ನನ್ನ ತರಗತಿಯ ಮಕ್ಕಳು ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ನರ ಕಥೆಯ ನಾಟಕ ಆಡುತ್ತಾರೆ. ತಾಲೂಕು ಬೋರ್ಡಿಗೆ ಗೆದ್ದ ನಿನ್ನ ಅಣ್ಣನೇ ಸಭೆಯ ಅಧ್ಯಕ್ಷರು. ಮುಂದಿನ ಸಾಲಿನಲ್ಲಿ, ಜನರಿಗೆ ಬೆನ್ನು ಹಾಕಿ ಕೂರಬೇಕು.

ನಾಟಕ ಕಲಿಸಲೆಂದು ನಾನು ಆ ಚರಿತ್ರೆ ಓದಿದೆ. ಲಿಂಕನ್ನರೂ ಹೀಗೇ ನಾಟಕ ನೋಡುತ್ತ ಕೂತಿದ್ದರಂತೆ. ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದ ಹೆಂಡತಿ ಪಕ್ಕದಲ್ಲೇ ಇದ್ದಳು. ಗುಂಡು ಬಂದದ್ದು ಹಿಂದಿನಿಂದ.

ಅಣ್ಣ ಒಕ್ಕಲುಗಳಿಗೆ ಗದ್ದೆ ಬಿಟ್ಟುಕೊಟ್ಟದ್ದಕ್ಕೆ ನಿನಗೆ ಸಿಟ್ಟು ಉಂಟು. “ಅಣ್ಣ ಅಂತ ನೋಡುದಿಲ್ಲ, ನನ್ನ ಹತ್ರ ಕೋವಿ ಉಂಟು” ಎಂದು ನೀನು ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಅವರಿಗೆ ನಾನು ಹೇಳಿಲ್ಲ. ಹೇಳಿದರೆ, “ನಾನು ಎತ್ತಿ ಆಡಿಸಿದವ ಮಾರಾಯ್ತಿ, ಅವ ಎಂತ ಮಾಡ್ತಾನೆ?” ಎಂದು ನಕ್ಕುಬಿಡುತ್ತಾರೆ.

ಸವಣೂರಿನಿಂದ ಮಧ್ಯಾಹ್ನದ ಬಸ್ಸಿಗೆ ಲೋಲಾಕ್ಷಿಯನ್ನೂ ನಿಮ್ಮ ಮಗುವನ್ನೂ ಕರೆದುಕೊಂಡು ಬಾ. ಕಾಡುಹಂದಿ ಓಡಿಸುವ ಕೋವಿ ಮನೆಯಲ್ಲೇ ಇರಲಿ. ಅಣ್ಣನ ಬಲಗಡೆ ನಿನಗೊಂದು ಕುರ್ಚಿ ಹಾಕಿಸಿದ್ದೇನೆ. ನಾನು ಪಕ್ಕದಲ್ಲಿ ಕೂರುವುದಿಲ್ಲ. ಅವರ ಬೆನ್ನ ಹಿಂದಿನ ಕುರ್ಚಿ ನನ್ನದು.

ನಿನ್ನ ಅತ್ತಿಗೆ
ಪೂವಮ್ಮ